ಮಾವಿನ ಸಿಪ್ಪೆ ಗೊಬ್ಬರ: ಮೂರು ವರ್ಷ ಹಾಕಿ ನೋಡಿದ ಮೇಲೆ

ನಮ್ಮೂರು ಶ್ರೀನಿವಾಸಪುರದ ಹತ್ತಿರ. ಇಲ್ಲಿನ ತೋತಾಪುರಿ ಜಾಸ್ತಿ ಹೋಗುವುದು ಚಿತ್ತೂರಿನ ಪಲ್ಪ್ ಫ್ಯಾಕ್ಟರಿಗಳಿಗೆ. ಅಲ್ಲಿ ಉಳಿದ ಸಿಪ್ಪೆ, ಮಂಡಿಯಲ್ಲಿ ಕೊಳೆತ ಹಣ್ಣು, ಸಗಣಿ, ತರಗೆಲೆ ಎಲ್ಲ ಸೇರಿಸಿ ಕೊಳೆಸಿ ಮಾರುವ ಗೊಬ್ಬರವನ್ನು ಮೂರು ವರ್ಷದಿಂದ ಹಾಕುತ್ತಿದ್ದೇನೆ. 50 ಕೆಜಿ ಚೀಲ. ಅರ್ಧ ಎಕರೆ ಟೊಮೆಟೊಗೆ 20 ಚೀಲ.

ಮೊದಲ ವರ್ಷ ಕೈ ಸುಟ್ಟುಕೊಂಡೆ. ಚೀಲ ಬಿಚ್ಚಿದರೆ ಹೆಂಡದಂಥ ಹುಳಿ ವಾಸನೆ, ಒಳಗೆ ಕೈಯಿಟ್ಟರೆ ಬಿಸಿ. ಗೊರಟುಗಳು ನಾರಿನ ಸಮೇತ ಹಾಗೇ ಇದ್ದವು. ಒಂದರಲ್ಲಂತೂ ಮೊಳಕೆ ಬೇರೆ! ಮಾರಿದವರನ್ನು ಕೇಳಿದರೆ "ಮಣ್ಣಿಗೆ ಹಾಕಿ ಸಾರ್, ಅಲ್ಲೇ ಕಳಿಯುತ್ತೆ" ಎಂದರು. ಕಳಿಯಿತು ನಿಜ, ಆದರೆ ನನ್ನ ಸಸಿಗಳ ಖರ್ಚಿನಲ್ಲಿ. ಅರೆಕೊಳೆತ ಗೊಬ್ಬರ ಹಾಕಿದರೆ ಅದನ್ನು ಕೊಳೆಸುವ ಸೂಕ್ಷ್ಮಜೀವಿಗಳೇ ಮಣ್ಣಿನ ಸಾರಜನಕ ತಿನ್ನುತ್ತವೆ, ಗಿಡಕ್ಕೆ ಸಿಗಲ್ಲ. ಹದಿನೈದು ದಿನಕ್ಕೆ ಎಲೆಯೆಲ್ಲ ಹಳದಿ. ಕೊನೆಗೆ ಯೂರಿಯಾ ಕೊಟ್ಟು ಉಳಿಸಿಕೊಂಡೆ.

ಹಾಗಂತ ಬಿಡಲಿಲ್ಲ. ಯಾಕಂದ್ರೆ ಟೊಮೆಟೊ ಕಿತ್ತ ಮೇಲೆ ಅದೇ ಜಾಗದಲ್ಲಿ ಹಾಕಿದ ರಾಗಿ ಬುಡದಿಂದ ಚೆನ್ನಾಗಿ ತೆಂಡೆ (ಕವಲು) ಹೊಡೆಯಿತು. ಪಕ್ಕದ ಮಡಿಗೂ ಅದಕ್ಕೂ ಬದುವಿನ ಮೇಲೆ ನಿಂತರೇ ವ್ಯತ್ಯಾಸ ಕಾಣುತ್ತಿತ್ತು.

ಎರಡನೇ ವರ್ಷದಿಂದ ಎರಡು ತಿಂಗಳು ಮೊದಲೇ ತಂದು, ಮರದ ನೆರಳಲ್ಲಿ ಗುಡ್ಡೆ ಹಾಕಿ, ವಾರಕ್ಕೊಮ್ಮೆ ಮಗುಚುತ್ತೇನೆ. ಮುಷ್ಟಿಯಲ್ಲಿ ಹಿಂಡಿದರೆ ಉಂಡೆಯಾಗಬೇಕು, ನೀರು ಒಸರಬಾರದು. ಮೊದಲ ಮಳೆಯ ಮಣ್ಣಿನ ವಾಸನೆ ಬಂದರೆ ಆಯಿತು. ಅಲ್ಲಿಯವರೆಗೆ ಹಣ್ಣುನೊಣದ ಕಾಟ ತಪ್ಪಿದ್ದಲ್ಲ. ಮನೆಯಿಂದ ದೂರ ಹಾಕಿ.

ನಮ್ಮದು ಕೆಂಪು ಮಣ್ಣು, ಬಿಸಿಲಿಗೆ ಹೆಂಚಿನ ಹಾಗೆ ಗಟ್ಟಿಯಾಗುತ್ತಿತ್ತು. ಈಗ ಗುದ್ದಲಿ ಸಲೀಸಾಗಿ ಇಳಿಯುತ್ತೆ, ಎರೆಹುಳ ಸಿಗುತ್ತೆ. ಬೇಸಿಗೆಯಲ್ಲಿ ದಿನಾ ಬಿಡುತ್ತಿದ್ದ ಡ್ರಿಪ್ಪನ್ನು ದಿನ ಬಿಟ್ಟು ದಿನ ಬಿಟ್ಟರೂ ನಡೆಯುತ್ತೆ. ಬೋರ್‌ವೆಲ್ ನಂಬಿದವರಿಗೆ ಇದು ಸಣ್ಣ ಮಾತಲ್ಲ. ಆದರೆ ಇದೊಂದನ್ನೇ ಹಾಕಿ ಟೊಮೆಟೊ ಬೆಳೆಯುತ್ತೇನೆ ಅಂದರೆ ಆಗಲ್ಲ. ಕಾಯಿ ಕಚ್ಚುವಾಗ ನಾನು ಈಗಲೂ ಡ್ರಿಪ್‌ನಲ್ಲಿ ಗೊಬ್ಬರ ಬಿಡುತ್ತೇನೆ, ಮೊದಲಿಗಿಂತ ಕಮ್ಮಿ ಅಷ್ಟೇ. ರಾಗಿಗೆ ಬೇರೇನೂ ಹಾಕುತ್ತಿಲ್ಲ.

ಚೀಲದ ಮೇಲಿನ ತೂಕದ ಅಂಕಿ ನೋಡಿ ದುಡ್ಡು ಕೊಡಬೇಡಿ, ಒಂದು ಚೀಲ ಬಿಚ್ಚಿಸಿ ಮೂಸಿ ನೋಡಿ. ಒದ್ದೆ ಇದ್ದರೆ ನೀರಿಗೂ ದುಡ್ಡು ಕೊಟ್ಟ ಹಾಗೆ, ಅಲ್ವಾ?

ಈ ಸಲದ ಲೋಡು ಹೋದ ವಾರ ಬಂತು. ಬೆಳಿಗ್ಗೆ ಗುಡ್ಡೆಯೊಳಗೆ ಕೈ ಹಾಕಿ ನೋಡಿದೆ, ಇನ್ನೂ ಬೆಚ್ಚಗಿದೆ. ನರ್ಸರಿಯವರಿಗೆ ಸಸಿ ಎರಡು ತಿಂಗಳು ಬಿಟ್ಟು ಸಾಕು ಅಂತ ಫೋನ್ ಮಾಡಿ ಹೇಳಿದೆ.