ಎಂಡ್ಯೂರೆನ್ಸ್ ಓಟ, ಬೆದೆಗೆ ಬರುವ ಕುದುರೆ: ಬಾಯಿ ಔಷಧವೋ, ಸೂಜಿಯೋ?

ದೂರದ ಎಂಡ್ಯೂರೆನ್ಸ್ ಓಟಕ್ಕೆ ಹೆಣ್ಣು ಕುದುರೆ ಒಯ್ಯುವಾಗ ಬೆದೆ ತಡೆಯಲು, ಬಾಯಿಗೆ ಹಾಕುವ ಆಲ್ಟ್ರೆನೋಜೆಸ್ಟ್ ಎಂಬ ಹಾರ್ಮೋನು ಔಷಧವೇ ನನ್ನ ಆಯ್ಕೆ, ದುಬಾರಿಯಾದರೂ. ಧಾರವಾಡದಲ್ಲಿ ಅಂಗಡಿಗೆ ಹೋಗಿ ಕೇಳಿದ ಕೂಡಲೇ ಸಿಗುವ ಮಾಲಲ್ಲ. ಪಶುವೈದ್ಯರ ಮೂಲಕ ಮೊದಲೇ ತರಿಸಿಟ್ಟುಕೊಳ್ಳಬೇಕು. ಕೆ.ಜಿ.ಗೆ 0.044 ಮಿ.ಗ್ರಾಂ ಲೆಕ್ಕ. 0.22% ದ್ರಾವಣವಾದರೆ 350 ಕೆ.ಜಿ. ಮಾರವಾಡಿ ಕುದುರೆಗೆ ದಿನಕ್ಕೆ 7 ಮಿ.ಲೀ. ಎರಡು-ಮೂರು ದಿನದಲ್ಲಿ ಬೆದೆಯ ಲಕ್ಷಣ ಅಡಗುತ್ತದೆ, ಆದರೂ ಓಟಕ್ಕೆ ವಾರ ಮುಂಚೆ ಶುರು ಮಾಡಿ.

ಒಂದು ಮುಷ್ಟಿ ಗೋಧಿ ಬೂಸಾಕ್ಕೆ ಬೆಲ್ಲದ ನೀರು ಚಿಮುಕಿಸಿ ಔಷಧವನ್ನು ಅದರಲ್ಲಿ ಕಲಸಿ, ಹುರುಳಿಗಿಂತ ಮೊದಲು ಆ ಕುದುರೆಯದೇ ಬಕೆಟ್ಟಿನಲ್ಲಿ ಇಡಿ. ಔಷಧ ಚರ್ಮದೊಳಗೆ ಇಳಿಯುತ್ತದೆ. ಲೇಟೆಕ್ಸ್ ಗ್ಲೌಸ್ ಸಾಲದು, ನೈಟ್ರೈಲ್ ಬೇಕು. ಮನೆಯ ಹೆಣ್ಣುಮಕ್ಕಳು, ಅದರಲ್ಲೂ ಬಸುರಿಯರು, ಆ ಬಕೆಟ್ ಮುಟ್ಟಲೇಬಾರದು. ಗರ್ಭಕೋಶದ ಸೋಂಕಿರುವ ಕುದುರೆಗೆ ಇದನ್ನು ಕೊಡುವಂತಿಲ್ಲ.

ಎಣ್ಣೆಯಲ್ಲಿ ಕರಗಿಸಿದ ಪ್ರೊಜೆಸ್ಟೆರೋನ್ ಸೂಜಿ ಅಗ್ಗ, ಕೆಲಸವನ್ನೂ ಮಾಡುತ್ತದೆ. ತಕರಾರು ಗಂಟಿನದು. ದಿನಾ 150 ಮಿ.ಗ್ರಾಂ, ಅಂದರೆ ದಿನಾ ಒಂದು ಚುಚ್ಚು. ಎಣ್ಣೆ ಸ್ನಾಯುವಿನಲ್ಲಿ ನಿಂತು ಗಂಟಾಗುತ್ತದೆ. ಕುತ್ತಿಗೆಗೆ ಹಾಕಿದರೆ ತಲೆ ತಗ್ಗಿಸಿ ನೀರು ಕುಡಿಯಲು ಒಲ್ಲದು. ಓಟದ ದಿನ ನೀರು ಕುಡಿಯದಿದ್ದರೆ ಕತೆ ಮುಗಿದಂತೆ. ಪುಟ್ಟೆಗೆ, ಅಂದರೆ ಹಿಂಭಾಗದ ದಪ್ಪ ಸ್ನಾಯುವಿಗೆ, ಹಾಕಿದರೆ ಆ ಬದಿಯ ಹೆಜ್ಜೆ ಗಿಡ್ಡ.

ವೆಟ್ ಗೇಟಿನಲ್ಲಿ (ಓಟದ ನಡುವೆ ಪಶುವೈದ್ಯರು ಕುದುರೆ ತಪಾಸಿಸುವ ಜಾಗ) ಟ್ರಾಟ್, ಅಂದರೆ ಹಗುರ ಓಟ, ಮಾಡಿಸಿ ನೋಡುವವರಿಗೆ ಕುಂಟು ಕುಂಟೇ. ಅದು ಸೂಜಿ ಗಂಟಿನದೋ, ಗೊರಸಿನದೋ ಎಂದು ಯಾರೂ ವಿಚಾರಿಸುವುದಿಲ್ಲ. ನಾಡಿ ನಿಮಿಷಕ್ಕೆ 64ಕ್ಕೆ ಇಳಿದಿದ್ದರೂ ಸ್ಪರ್ಧೆಯಿಂದ ಹೊರಗೆ. ಜಾಗ ಬದಲಿಸುತ್ತ ಹೋದರೆ ಗಂಟು ಹಂಚಿಕೆಯಾಗುತ್ತದೆ ಅಷ್ಟೆ. ಮೇಲಾಗಿ ಎಫ್‌ಇಐ (ಅಂತರರಾಷ್ಟ್ರೀಯ ಕುದುರೆ ಸವಾರಿ ಒಕ್ಕೂಟ) ಸ್ಪರ್ಧೆಯ ಅಂಗಳದಲ್ಲಿ ಮಾಲೀಕರು ಸೂಜಿ ಹಿಡಿಯುವಂತಿಲ್ಲ.

ಇನ್ನೊಂದು ಹಾರ್ಮೋನು ಸೂಜಿ ಆಕ್ಸಿಟೋಸಿನ್: ಅಂಡ ಬಿಡುಗಡೆಯಾದ 7ರಿಂದ 14ನೇ ದಿನದವರೆಗೆ ದಿನಕ್ಕೆ 60 ಯೂನಿಟ್. ನಾಟಿದರೆ ತಿಂಗಳಿಗೂ ಮಿಕ್ಕಿ ಬೆದೆಯ ಕಾಟವಿಲ್ಲ. ಆದರೆ ಅಂಡ ಬಿಟ್ಟ ದಿನ ಗೊತ್ತಾಗಲು ಸ್ಕ್ಯಾನಿಂಗ್ ಬೇಕು, ಎಲ್ಲಾ ಕುದುರೆಗೂ ನಾಟುವುದಿಲ್ಲ. ಎಮ್ಮೆ ಹಾಲು ಇಳಿಸಲು ದುರ್ಬಳಕೆಯಾಗಿ ಹೆಸರು ಕೆಟ್ಟ ಔಷಧ. ಚೀಟಿ ಇಲ್ಲದೆ ಕೇಳಬೇಡಿ.

ಬೆದೆ ತಡೆಯಲೆಂದು ಗರ್ಭಕೋಶದಲ್ಲಿ ಗಾಜಿನ ಗೋಲಿ ಇಡಿಸುವುದು ಬೇಡ, ಒಳಗೇ ಒಡೆದ ಉದಾಹರಣೆಗಳಿವೆ.

ಔಷಧ ಯಾವುದಾದರೂ ತಂಗುವ ಜಾಗ ನೋಡಿಕೊಳ್ಳಿ. ಬೆದೆಯಲ್ಲಿರುವ ಕುದುರೆಗೆ ಗಂಡಿನ ವಾಸನೆ ಬಡಿದರೆ ಬಾಲ ಎತ್ತಿ, ಹಿಂಗಾಲು ಅಗಲಿಸಿ, ಚೂರು ಚೂರು ಉಚ್ಚೆ ಹೊಯ್ಯುತ್ತ ನಿಲ್ಲುತ್ತದೆ. ನಾಡಿ ಇಳಿಯುವುದೇ ಇಲ್ಲ. ಗಂಡು ಕುದುರೆಗಳ ಕಡೆಯಿಂದ ಗಾಳಿ ಬೀಸದ ಮೂಲೆ ಹಿಡಿಯಿರಿ. ಚಳಿಗಾಲದಲ್ಲಿ ಬೆದೆ ನಿಲ್ಲುತ್ತದೆಂಬ ಯುರೋಪಿನ ಲೆಕ್ಕ ನಂಬಬೇಡಿ: ನಮ್ಮಲ್ಲಿ ಹಗಲು ಅಷ್ಟೇನೂ ಗಿಡ್ಡವಾಗುವುದಿಲ್ಲ, ಡಿಸೆಂಬರ್ ಓಟಕ್ಕೂ 21 ದಿನದ ಬೆದೆ ಚಕ್ರದ ಲೆಕ್ಕ ಬರೆದಿಡಿ. ಎಫ್‌ಇಐ ನಿಯಮದಲ್ಲಿ ಆಲ್ಟ್ರೆನೋಜೆಸ್ಟ್‌ಗೆ ಅವಕಾಶ ಹೆಣ್ಣು ಕುದುರೆಗೆ ಮಾತ್ರ. ಊರ ಕಡೆಯ ಸ್ಪರ್ಧೆಯಾದರೂ ಸಂಘಟಕರ ಪಶುವೈದ್ಯರಿಗೆ ಮೊದಲೇ ಬರೆದು ಕೊಡಿ.