ಮೇ ತಿಂಗಳು, ಮೂರು ಕಾದಂಬರಿ: ನನಗೆ ಹತ್ತಿರವಾಗಿದ್ದು ಯಾವುದು?

ಗಂಗಾವತಿಯಲ್ಲಿ ಮೇ ತಿಂಗಳ ಮಧ್ಯಾಹ್ನ ಅಂದರೆ ಬಾಗಿಲು ಮುಂದೆ ಮಾಡಿಕೊಂಡು ಒಳಗೇ ಕೂರಬೇಕು. ಕಾಲುವೆಗೆ ನೀರು ಬಿಡುವುದು ನಿಂತಿರುತ್ತದೆ, ಗದ್ದೆ ಕೆಲಸವೂ ಇರುವುದಿಲ್ಲ. ಈ ಸಲ ಆ ಹೊತ್ತಿಗೆಂದೇ ಮೂರು ದಪ್ಪ ಕಾದಂಬರಿ ತಂದಿಟ್ಟುಕೊಂಡೆ. ವಸುಧೇಂದ್ರರ ‘ತೇಜೋ ತುಂಗಭದ್ರಾ’, ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’, ಕುಂ. ವೀರಭದ್ರಪ್ಪನವರ ‘ಅರಮನೆ’.

ಮೊದಲು ಹಿಡಿದಿದ್ದು 2019ರಲ್ಲಿ ಬಂದ ‘ತೇಜೋ ತುಂಗಭದ್ರಾ’. ಹೆಸರಿನಲ್ಲೇ ನಮ್ಮ ಹೊಳೆ ಇದೆ, ಬರೆದವರು ಸಂಡೂರಿನವರು. ನನಗೆ ಇದೇ ಜಾಸ್ತಿ ಹಿಡಿಸುತ್ತದೆ ಅಂತ ಓದುವ ಮೊದಲೇ ಅಂದುಕೊಂಡಿದ್ದೆ. ಐದು ದಿನಕ್ಕೆ ಮುಗಿಯಿತು. ಲಿಸ್ಬನ್ನಿನ ತೇಜೋ ನದಿಯ ದಡದಲ್ಲಿ ಒಂದು ಕಥೆ, ವಿಜಯನಗರದ ಕಾಲದ ತುಂಗಭದ್ರೆಯ ದಡದಲ್ಲಿ ಇನ್ನೊಂದು. ರಾಜನಿಗಾಗಿ ಪ್ರಾಣ ಕೊಡುತ್ತೇವೆಂದು ಮಾತು ಕೊಟ್ಟ ಲೆಂಕರ ಭಾಗ ಓದಿದ ರಾತ್ರಿ ನಿದ್ದೆ ಹತ್ತಲಿಲ್ಲ. ಬೆಳಿಗ್ಗೆ ಎದ್ದವನೇ ಬಸ್ಸು ಹತ್ತಿ ಆನೆಗೊಂದಿಗೆ ಹೋದೆ. ಹೊಳೆ ಸೊರಗಿತ್ತು. ಬಂಡೆಯ ಮೇಲೆ ಎರಡು ಹರಿಗೋಲು ಬೋರಲು ಹಾಕಿದ್ದರು, ಅವುಗಳ ತಳದ ಡಾಂಬರು ಬಿಸಿಲಿಗೆ ಮಿರಮಿರ ಅನ್ನುತ್ತಿತ್ತು. ಚಿಕ್ಕಂದಿನಿಂದ ನೋಡಿದ ಜಾಗ. ಶಾಲೆಯಲ್ಲಿ ನಾವು ಓದಿದ್ದು ಬರೀ ಕೃಷ್ಣದೇವರಾಯನ ಕಥೆ. ಇದೇ ದಡದಲ್ಲಿ ನಮ್ಮಂಥವರೂ ಬಟ್ಟೆ ಒಗೆದು, ಮದುವೆ ಮಾಡಿಕೊಂಡು, ಅತ್ತು ಬದುಕಿದ್ದರು ಅಂತ ಅವತ್ತೇ ಮೊದಲ ಸಲ ಅನ್ನಿಸಿತು.

ಒಂದೇ ಕೊರತೆ. ಕಥೆ ತುಂಬ ಓಡುತ್ತದೆ. ಒಬ್ಬರ ದುಃಖದ ಹತ್ತಿರ ಸುಮ್ನೆ ಕೂರೋಣ ಅನ್ನುವಷ್ಟರಲ್ಲಿ ಇನ್ನೊಂದು ಕಷ್ಟ ಬಂದು ಎಬ್ಬಿಸಿಬಿಡುತ್ತದೆ.

ಕೂತು ಓದುವ ಸುಖ ಸಿಕ್ಕಿದ್ದು ‘ಮದುಮಗಳು’ ಓದುವಾಗ. 1967ರ ಪುಸ್ತಕ, ಏಳುನೂರು ಪುಟ ದಾಟುತ್ತದೆ. ಮೊದಲ ನೂರು ಪುಟ ಕಷ್ಟವೇ ಆಯಿತು. ಯಾವ ಮನೆ, ಯಾರ ಒಕ್ಕಲು, ಯಾರಿಗೆ ಯಾರು ಏನಾಗಬೇಕು ಅಂತ ಒಂದು ಹಾಳೆಯಲ್ಲಿ ಬರೆದಿಟ್ಟುಕೊಂಡೆ. ಮಲೆನಾಡಿನ ಮಾತೂ ನಮಗೆ ಹೊಸದು. ಆಮೇಲೆ ಹಾಳೆ ಎಲ್ಲೋ ಕಳೆದುಹೋಯಿತು, ಹುಡುಕಲೂ ಇಲ್ಲ. ಗುತ್ತಿ ಮತ್ತು ಅವನ ನಾಯಿ ಹುಲಿಯನ ಹಿಂದೆ ಕಾಡಿನಲ್ಲಿ ನಡೆಯುತ್ತಿದ್ದೆ. ಹೊರಗೆ ಕಾದ ಗಾಳಿ, ಪುಸ್ತಕದೊಳಗೆ ಜಡಿಮಳೆ. ಕೊನೆಯ ಹೊತ್ತಿಗೆ ತುಂಬಿ ಹರಿಯುವ ತುಂಗೆಯನ್ನು ದಾಟುವ ಭಾಗ ಬರುತ್ತದೆ. ಹುಲಿಯನಿಗೆ ಏನಾಯಿತು ಅಂತ ಹೇಳುವುದಿಲ್ಲ, ನೀವೇ ಓದಿ. ನಾನು ಅತ್ತೆ. ಆ ತುಂಗೆಯೇ ಕೂಡ್ಲಿಯಲ್ಲಿ ಭದ್ರೆಯನ್ನು ಸೇರಿ ನಮ್ಮ ಕಡೆ ಬರುವುದು. ಆನೆಗೊಂದಿಯಲ್ಲಿ ನಾನು ಕಾಲಿಟ್ಟಿದ್ದು ಅದೇ ನೀರಿಗೆ, ಅಲ್ವಾ?

‘ಅರಮನೆ’ಗೆ 2007ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿದೆ. ಬ್ರಿಟಿಷರ ಕಾಲದ ಬಳ್ಳಾರಿ ಸೀಮೆಯ ಕಥೆ, ಬ್ರಿಟಿಷ್ ಅಧಿಕಾರಿ ಥಾಮಸ್ ಮನ್ರೊ ಕೂಡ ಬರುತ್ತಾನೆ. ಒಬ್ಬನೇ ಓದುವಾಗ ಎರಡು ಸಲ ಕೆಳಗಿಟ್ಟೆ. ಉದ್ದುದ್ದ ವಾಕ್ಯ, ಉಸಿರು ತೆಗೆದುಕೊಳ್ಳುವುದು ಎಲ್ಲಿ ಅಂತಲೇ ಗೊತ್ತಾಗುವುದಿಲ್ಲ. ಒಂದು ಸಂಜೆ ಅವ್ವ ಮೊರದಲ್ಲಿ ಅಕ್ಕಿ ಆರಿಸುತ್ತ ಕೂತಿದ್ದಳು. ಜೋರಾಗಿ ಓದಿ ನೋಡಿದೆ. ಕಣ್ಣಿಗೆ ತೊಡಕಾಗಿದ್ದ ಮಾತು ಬಾಯಿಗೆ ಸಲೀಸಾಗಿ ಬಂತು. ಎರಡು ಪುಟ ಆಗುವಷ್ಟರಲ್ಲಿ ಅವ್ವನ ಕೈ ಮೊರದಲ್ಲೇ ನಿಂತಿತ್ತು. “ನಮ್ಮ ಮುತ್ಯಾ ಹಿಂಗ ಮಾತಾಡ್ತಿದ್ದ ನೋಡು. ಇನ್ನಾ ಸ್ವಲ್ಪ ಓದು,” ಅಂದಳು.

ಕಾದಂಬರಿ ಓದುವ ರೂಢಿ ಈಗಷ್ಟೇ ಹತ್ತುತ್ತಿದ್ದರೆ ‘ತೇಜೋ’ದಿಂದಲೇ ಶುರು ಮಾಡಿ, ಕೈ ಬಿಡುವುದಿಲ್ಲ. ಮೂರರಲ್ಲಿ ಒಂದನ್ನೇ ಇಟ್ಟುಕೋ ಅಂದರೆ ನಾನು ‘ಮದುಮಗಳು’ ಇಟ್ಟುಕೊಳ್ಳುತ್ತೇನೆ. ನಮ್ಮ ಹೊಳೆಯ ಹೆಸರಿನ ಪುಸ್ತಕವೇ ಗೆಲ್ಲಬೇಕಿತ್ತು ಅಂತ ನನಗೂ ಆಸೆ ಇತ್ತು, ಆದರೆ ಮನಸ್ಸು ‘ಮದುಮಗಳು’ ಕಡೆ ವಾಲಿತು. ‘ಅರಮನೆ’ ಇನ್ನೂ ನೂರು ಪುಟ ಉಳಿದಿದೆ. ದೀಪ ಹಚ್ಚಿದ ಮೇಲೆ ದಿನಾ ಓದುತ್ತಿದ್ದೇನೆ. ಈಗ ಪಕ್ಕದ ಮನೆಯ ಅಜ್ಜಿಯೂ ಬಂದು ಕೂರುತ್ತಾಳೆ.