ಲೀಡರ್‌ಗಳಿಗೆ ಸಂವಹನ ತರಬೇತಿ, ಮಂಗಳೂರು: ಬೆಳಗ್ಗೆ ಸೂಪರ್, ಮಧ್ಯಾಹ್ನ ಸಪ್ಪೆ

ಟೀಮ್ ಲೀಡರ್‌ಗಳಿಗೆ ಅಂತ ಒಂದು ದಿನದ ತರಬೇತಿ, ಕದ್ರಿ ಕಡೆಯ ಒಂದು ಹೋಟೆಲಿನ ಹಾಲ್‌ನಲ್ಲಿ. ಶುಲ್ಕ 3,500 ರೂಪಾಯಿ, ಜಿಎಸ್‌ಟಿ ಬೇರೆ. ನಮ್ಮದು ಪಣಂಬೂರು ಹತ್ತಿರದ ಶಿಪ್ಪಿಂಗ್ ಆಫೀಸ್, ದುಡ್ಡು ಕಂಪನಿಯದ್ದು, ಹಾಗಾಗಿ ನನಗೇನೂ ಹೊಟ್ಟೆ ಉರಿಯಲಿಲ್ಲ. ಸ್ವಂತ ದುಡ್ಡು ಕೊಟ್ಟು ಹೋಗಬಹುದಾ ಅಂತ ಯೋಚಿಸುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಡೆಸಿದವರ ಹೆಸರು ಹಾಕುವುದಿಲ್ಲ, ಯಾಕಂದ್ರೆ ಬೈಗುಳ ಸ್ವಲ್ಪ ಜಾಸ್ತಿಯೇ ಇದೆ.

ಮೊದಲನೆಯದು ನಗು ಬರುವ ವಿಷಯ. ಜಾಗ ಬದಲಾದದ್ದನ್ನು ಇವರು ಎರಡು ವಾಟ್ಸಾಪ್ ಗುಂಪುಗಳಲ್ಲಿ ಒಂದಕ್ಕೆ ಮಾತ್ರ ಹಾಕಿದ್ದರು. ಇನ್ನೊಂದು ಗುಂಪಿನವರು ಬಲ್ಮಠದಲ್ಲಿ ಕಾದು ಕಾದು ರಿಕ್ಷಾ ಹಿಡಿದು ಬಂದರು. ಸಂವಹನ ಕಲಿಸುವವರು ಸ್ವಾಮಿ ಇವರು! ಯಾರೂ ಕ್ಷಮೆ ಕೇಳಲಿಲ್ಲ, ಚಹಾ ಮಾತ್ರ ಇನ್ನೊಂದು ಸಲ ಕೊಟ್ಟರು.

ಆದರೆ ಬೆಳಗಿನ ಭಾಗ ನಿಜವಾಗಿಯೂ ಚೆನ್ನಾಗಿತ್ತು. ಟ್ರೈನರ್ ಬೆಂಗಳೂರಿನವರು, ಟೆನೆರಿಫ್ ದುರಂತವನ್ನು ತೆಗೆದುಕೊಂಡು ಒಂದು ಗಂಟೆ ಅದರಲ್ಲೇ ನಿಂತರು. 1977ರ ಮಾರ್ಚ್ 27, ಸ್ಪೇನಿನ ಆ ದ್ವೀಪದಲ್ಲಿ ದಟ್ಟ ಮಂಜು, ಒಂದೇ ರನ್‌ವೇ ಮೇಲೆ ಎರಡು ಜಂಬೋ ವಿಮಾನ (ಒಂದು ಡಚ್ ಕಂಪನಿ ಕೆಎಲ್‌ಎಂನದ್ದು, ಇನ್ನೊಂದು ಅಮೆರಿಕದ ಪ್ಯಾನ್ ಆಮ್‌ನದ್ದು), ಡಿಕ್ಕಿಯಲ್ಲಿ ಸತ್ತವರು 583. ಕೆಎಲ್‌ಎಂ ವಿಮಾನದವರು ರೇಡಿಯೊದಲ್ಲಿ ಹೇಳಿದ್ದು, ಹೊರಡಲು ಸಿದ್ಧರಿದ್ದೇವೆ ಅಂತಲೂ ಕೇಳಬಹುದು, ಹೊರಟೇಬಿಟ್ಟೆವು ಅಂತಲೂ ಕೇಳಬಹುದು. ಟವರ್‌ನವರು ಓಕೆ ಅಂದರು, ಸ್ವಲ್ಪ ತಡೆದು ನಿಲ್ಲಿ ಅಂತಲೂ ಅಂದರು. ಅದೇ ಹೊತ್ತಿಗೆ ಪ್ಯಾನ್ ಆಮ್ ಪೈಲಟ್ ಮಾತಾಡಿದ್ದರಿಂದ ರೇಡಿಯೊದಲ್ಲಿ ಕೀರಲು ಶಬ್ದ ಬಂದು ಆ ಎರಡನೇ ಮಾತು ಸರಿಯಾಗಿ ಕೇಳಲೇ ಇಲ್ಲ. ಇಷ್ಟಾದರೂ ಕೆಎಲ್‌ಎಂ ಕಾಕ್‌ಪಿಟ್‌ನಲ್ಲಿದ್ದ ಫ್ಲೈಟ್ ಎಂಜಿನಿಯರ್‌ಗೆ ಅನುಮಾನ ಬಂದಿತ್ತು. ಆ ಪ್ಯಾನ್ ಆಮ್ ಇನ್ನೂ ರನ್‌ವೇ ಬಿಟ್ಟಿಲ್ವಾ ಅಂತ ಕೇಳಿಯೂ ಕೇಳಿದರು. ಕ್ಯಾಪ್ಟನ್ ಕಂಪನಿಯ ದೊಡ್ಡ ತಲೆ, ಬೇರೆ ಪೈಲಟ್‌ಗಳಿಗೆ ಪಾಠ ಹೇಳುವವರು. ಬಿಟ್ಟಿದೆ ಅಂದರು, ಅಲ್ಲಿಗೆ ಮಾತು ಮುಗಿಯಿತು.

ಇಲ್ಲಿ ನಮ್ಮ ಟೇಬಲಿನ ಒಬ್ಬರು ಬಜ್ಪೆ, ಅಂದರೆ ನಮ್ಮ ಮಂಗಳೂರು ವಿಮಾನ ನಿಲ್ದಾಣದ ದುರಂತದ ವಿಷಯ ಎತ್ತಿದರು. ಮಂಗಳೂರಿನಲ್ಲಿ ಕೂತು ಟೆನೆರಿಫ್ ಮಾತಾಡಿದರೆ ಬಜ್ಪೆ ನೆನಪಾಗದೆ ಇರುತ್ತದಾ? 2010ರ ಮೇ 22, ದುಬೈನಿಂದ ಬಂದ ವಿಮಾನ, 166 ಜನರಲ್ಲಿ 158 ಮಂದಿ ಹೋದರು. ವಿಮಾನ ತೀರಾ ಎತ್ತರದಲ್ಲಿದೆ, ಇಳಿಸಬೇಡಿ, ಮೇಲಕ್ಕೆತ್ತಿ ಅಂತ ಕೋ ಪೈಲಟ್ ಒಂದಕ್ಕಿಂತ ಹೆಚ್ಚು ಸಲ ಹೇಳಿದ್ದು ತನಿಖಾ ವರದಿಯಲ್ಲೇ ಇದೆ. ಕ್ಯಾಪ್ಟನ್ ಇಳಿಸಿಯೇ ಬಿಟ್ಟರು. 8,033 ಅಡಿಯ ರನ್‌ವೇಯಲ್ಲಿ ಸುಮಾರು 5,200 ಅಡಿ ಕಳೆದ ಮೇಲೆ ಚಕ್ರ ನೆಲ ಮುಟ್ಟಿತು. ಇಲ್ಲಿ ಮಾತು ಅಸ್ಪಷ್ಟವಾಗಿತ್ತು ಅನ್ನೋಕೆ ಆಗುತ್ತದಾ? ಹೇಳಿದ್ದು ಸ್ಪಷ್ಟ, ಕೇಳಬೇಕಾದವರು ಕೇಳಲಿಲ್ಲ, ಕೆಳಗಿನವರಿಗೆ ಅದಕ್ಕಿಂತ ಮುಂದೆ ಹೋಗುವ ಧೈರ್ಯವೋ ಅಧಿಕಾರವೋ ಇರಲಿಲ್ಲ. ಲೀಡರ್‌ಗಳಿಗೆ ಕಲಿಸಬೇಕಾದ್ದು ಇದನ್ನೇ ಅಂತ ನನಗನಿಸಿತು. ಟ್ರೈನರ್ ಮಾತ್ರ ಅದು ಇಲ್ಲಿಯವರಿಗೆ ಸೂಕ್ಷ್ಮ ವಿಷಯ ಅಂತ ಹೇಳಿ ಸ್ಲೈಡ್ ಮುಂದೆ ತಳ್ಳಿದರು. ಸೂಕ್ಷ್ಮ ಹೌದು, ಅದಕ್ಕೇ ಮಾತಾಡಬೇಕಿತ್ತು.

ಮುಂದಿನ ಸ್ಲೈಡ್ ನಾಸಾದ ಮಂಗಳ ನೌಕೆ. 1999ರಲ್ಲಿ ಕಳೆದುಹೋದದ್ದು, ಎಂಜಿನ್ನಿನ ಬಲ ಅಳೆಯಲು ಒಂದು ತಂಡದ್ದು ಪೌಂಡ್ ಲೆಕ್ಕ, ಇನ್ನೊಂದರದ್ದು ನ್ಯೂಟನ್ ಲೆಕ್ಕ. ಹತ್ತು ನಿಮಿಷದಲ್ಲಿ ಮುಗಿಸಿದರು, ಸಾಕಿತ್ತು.

ನನಗೆ ಅತಿ ಉಪಯೋಗಕ್ಕೆ ಬಂದದ್ದು ಟ್ರೈನರ್ ಹೇಳಿದ್ದಲ್ಲ, ಆಸ್ಪತ್ರೆಯೊಂದರಿಂದ ಬಂದಿದ್ದ ನರ್ಸಿಂಗ್ ಸೂಪರ್‌ವೈಸರ್ ಅಕ್ಕ ಹೇಳಿದ್ದು. ಡಾಕ್ಟರ್ ಫೋನಿನಲ್ಲಿ ಔಷಧಿ ಹೇಳಿದರೆ ಅವರ ವಾರ್ಡಿನಲ್ಲಿ ಮೊದಲು ಬರೆದುಕೊಳ್ಳಬೇಕು, ಬರೆದದ್ದನ್ನು ಡಾಕ್ಟರಿಗೇ ಓದಿ ಹೇಳಬೇಕು, ಅವರು ಹೌದು ಅಂದ ಮೇಲೆಯೇ ಮುಂದಿನ ಕೆಲಸ. ಎಷ್ಟೇ ದೊಡ್ಡ ಡಾಕ್ಟರ್ ಆಗಲಿ, ಎಷ್ಟೇ ಅವಸರ ಇರಲಿ. ಈಗ ನಮ್ಮ ಆಫೀಸಿನಲ್ಲಿ ಕಂಟೇನರ್ ನಂಬರಿಗೆ ಇದನ್ನೇ ಮಾಡಿದ್ದೇವೆ. ಹುಡುಗರು ಮೊದಲು ನಕ್ಕರು, ಈಗ ನಾನು ಮರೆತರೆ ಅವರೇ ನನ್ನ ಬಾಯಲ್ಲಿ ಹೇಳಿಸುತ್ತಾರೆ.

ಊಟಕ್ಕೆ ನೀರುದೋಸೆ, ಕೋಳಿ ಸುಕ್ಕ, ಸಸ್ಯಾಹಾರಿಗಳಿಗೆ ಬೇರೆ ಕೌಂಟರ್. ಎಲ್ಲಾ ಬಿಸಿಬಿಸಿ. ಸಂಜೆಯ ಗೋಳಿಬಜೆ ಮಾತ್ರ ಎಣ್ಣೆ ಕುಡಿದಿತ್ತು.

ಮಧ್ಯಾಹ್ನ ಬೇರೆಯೇ ಕಥೆ. ಕಿವಿಯಲ್ಲಿ ಹೇಳಿ ದಾಟಿಸುವ ಆಟ ಆಡಿಸಿದರು, ಕೊನೆಗೆ ಮಾತು ಕೆಟ್ಟದ್ದಕ್ಕೆ ನಿಮ್ಮೂರಲ್ಲಿ ಭಾಷೆ ಜಾಸ್ತಿ ಅಂತ ಕಾರಣ ಕೊಟ್ಟರು. ತುಳು, ಕೊಂಕಣಿ, ಬ್ಯಾರಿ, ಕನ್ನಡ, ಮಲಯಾಳ ಎಲ್ಲ ಇರುವುದು ನಿಜ. ಆದರೆ ಬೆಳಗ್ಗೆ ದಕ್ಕೆಗೆ (ಮೀನುಗಾರಿಕೆ ಬಂದರಿಗೆ) ಹೋಗಿ ಮೀನಿನ ಏಲಂ ನೋಡಿ ಮಾರಾಯ್ರೆ, ಅಷ್ಟೂ ಭಾಷೆಯವರು ಇರುತ್ತಾರೆ, ರೇಟು ಕೂಗಿ ಕೂಗಿ ಹೇಳುತ್ತಾರೆ, ಎಲ್ಲರಿಗೂ ಕೇಳುತ್ತದೆ, ವ್ಯಾಪಾರ ನಡೆಯುತ್ತದೆ. ಪಿಸುಗುಟ್ಟಿದ್ದಕ್ಕೆ ಕೆಟ್ಟಿತು, ಭಾಷೆಯದ್ದೇನು ತಪ್ಪು?

ಆಮೇಲೆ ಬಂತು ಆ 93 ಶೇಕಡಾ. ಮಾತಿನ ಪರಿಣಾಮದಲ್ಲಿ 93 ಶೇಕಡಾ ದನಿ ಮತ್ತು ಹಾವಭಾವದ್ದು, ಶಬ್ದದ್ದು ಬರೀ 7 ಅಂತೆ. ಇದು ಮೆಹ್ರೇಬಿಯನ್ ಅನ್ನುವ ಮನಶ್ಶಾಸ್ತ್ರಜ್ಞರ 1967ರ ಪ್ರಯೋಗಗಳಿಂದ ಬಂದ ಲೆಕ್ಕ. ಅವು ಭಾವನೆ, ಇಷ್ಟಾನಿಷ್ಟಗಳ ಬಗ್ಗೆ ಮಾಡಿದ ಪ್ರಯೋಗಗಳು, ಎಲ್ಲಾ ಮಾತಿಗೂ ಅನ್ವಯಿಸಬೇಡಿ ಅಂತ ಅವರೇ ಹೇಳಿದ್ದಾರೆ. ಬೆಳಗ್ಗೆ ಒಂದು ಮಾತಿನ ಗೊಂದಲದಿಂದ 583 ಜನ ಸತ್ತರು ಅಂದವರೇ ಮಧ್ಯಾಹ್ನ ಶಬ್ದಕ್ಕೆ 7 ಮಾರ್ಕ್ ಕೊಟ್ಟರೆ ಹೇಗೆ? ಉಳಿದ ಹೊತ್ತು ಕೈಕುಲುಕುವುದು, ಕಣ್ಣಿಗೆ ಕಣ್ಣಿಟ್ಟು ನೋಡುವುದು, ಬೆನ್ನು ನೆಟ್ಟಗೆ ಇಡುವುದು. ಹಿಂದಿನ ಸಾಲು ಫೋನಿನಲ್ಲಿತ್ತು.

ಕೊನೆಗೆ ಅಭಿಪ್ರಾಯದ ಫಾರ್ಮ್ ಕೊಟ್ಟರು, ಹೆಸರು ಮತ್ತು ಕಂಪನಿ ಕಡ್ಡಾಯ. ಬಾಸ್ ಪಕ್ಕದಲ್ಲೇ ಕೂತು ತುಂಬಿಸುತ್ತಿದ್ದಾಗ ಯಾರು ನಿಜ ಬರೆಯುತ್ತಾರೆ ಹೇಳಿ. ಎಲ್ಲರೂ ಐದಕ್ಕೆ ಐದು ಕೊಟ್ಟರು.

ನಾನು ಕೊಡುವುದು ಐದಕ್ಕೆ ಮೂರು, ಅದರಲ್ಲಿ ಒಂದು ಆ ನರ್ಸ್ ಅಕ್ಕನಿಗೆ. ಕಂಪನಿ ಕಳಿಸಿದರೆ ಖುಷಿಯಿಂದ ಹೋಗಿ. ಸ್ವಂತ ದುಡ್ಡಾದರೆ, ಬೆಳಗಿನ ಭಾಗಕ್ಕೆ ಮಾತ್ರ ಸೇರಿಸಿಕೊಳ್ಳುತ್ತೀರಾ ಅಂತ ಫೋನ್ ಮಾಡಿ ಕೇಳಿ. ಮತ್ತೆ ಪಾರ್ಕಿಂಗ್ ಇಲ್ಲ, ಸ್ಕೂಟರ್‌ನಲ್ಲೇ ಹೋಗಿ.